ವೀಸಾ ಬೇಡದ ಊರಿಗೆ ಬೇಕಾಗುವ ಕಾಗದ: ಮುಂಬಯಿಯಿಂದ ಕ್ವಾಲಾಲಂಪುರಕ್ಕೆ

ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ನಾಲ್ಕು ಜನ ನಮ್ಮವರು ಸೇರಿ ಮಲೇಷ್ಯಾ ಪ್ರವಾಸದ ಮಾತು ತೆಗೆದರೆ, "ಅಲ್ಲಿಗೆ ವೀಸಾ ಬೇಡವಂತೆ, ಟಿಕೆಟ್ ತೆಗೆದರೆ ಆಯ್ತು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತಿನ ಮೊದಲ ಅರ್ಧ ನಿಜ. 2023ರ ಡಿಸೆಂಬರ್ 1ರಿಂದ ಭಾರತದ ಪಾಸ್‌ಪೋರ್ಟಿನವರಿಗೆ ಮಲೇಷ್ಯಾ 30 ದಿನ ವೀಸಾ ಇಲ್ಲದೆ ಬರಲು ಬಿಟ್ಟಿದೆ. ಈ ಸವಲತ್ತನ್ನು 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದೆ. ಉಳಿದ ಅರ್ಧವನ್ನು ನಂಬಿ ಹೊರಟವರು ಸಹಾರ್ ವಿಮಾನ ನಿಲ್ದಾಣದಿಂದಲೇ ಟ್ಯಾಕ್ಸಿ ಹಿಡಿದು ಮನೆಗೆ ವಾಪಸಾಗುವುದಿದೆ. ವೀಸಾ ಇದ್ದ ಕಾಲದಲ್ಲಿ ಕಾಗದ ನೋಡುತ್ತಿದ್ದವರು ದೂತಾವಾಸದವರು. ಏನಾದರೂ ಕೊರತೆ ಇದ್ದರೆ ಮನೆಯಲ್ಲಿ ಕೂತಿರುವಾಗಲೇ ತಿಳಿಯುತ್ತಿತ್ತು. ಈಗ ಅದೇ ಕಾಗದಗಳನ್ನು ಪ್ರಯಾಣದ ದಿನ ಮೂರು ಕೌಂಟರುಗಳಲ್ಲಿ ನೋಡುತ್ತಾರೆ. ಮೂವರೂ ನೋಡುವುದು ಬೇರೆ ಬೇರೆ, ಮೂವರ ಚಿಂತೆಯೂ ಬೇರೆ ಬೇರೆ.

ಹನ್ನೊಂದು ಮಂದಿಯ ಗುಂಪಿನ ಕಾಗದಪತ್ರ ಜೋಡಿಸಿ, ಜತೆಗೇ ಹೋಗಿಬಂದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಗುಂಪಿನಲ್ಲಿ ಹೋಟೆಲು ಕೆಲಸದವರಿದ್ದರು, ನಿವೃತ್ತರಿದ್ದರು, ಇಬ್ಬರು ಮಕ್ಕಳಿದ್ದರು. ಹಾಗಾಗಿ ಬರಬಹುದಾದ ತೊಡಕುಗಳೆಲ್ಲ ಹೆಚ್ಚುಕಡಿಮೆ ಒಂದೇ ಸಲ ಎದುರಾದವು.

ಹೊರಡುವುದಕ್ಕೆ ಎರಡು ತಿಂಗಳು ಮೊದಲು ಎಲ್ಲರ ಪಾಸ್‌ಪೋರ್ಟನ್ನೂ ಒಂದೇ ಮೇಜಿನ ಮೇಲೆ ಹರಡಿ ಕೂರುವುದು ಮೊದಲ ಕೆಲಸ. ಮೊಬೈಲಿಗೆ ಬಂದ ಫೋಟೋ ಸಾಲದು, ಪುಸ್ತಕವೇ ಕೈಯಲ್ಲಿರಬೇಕು. ಮಲೇಷ್ಯಾಕ್ಕೆ ಇಳಿಯುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಅದರಲ್ಲಿ ಉಳಿದಿರಬೇಕು. ದೊಡ್ಡವರ ಪಾಸ್‌ಪೋರ್ಟು 10 ವರ್ಷದ್ದಾದ್ದರಿಂದ ಅವರ ವಿಷಯದಲ್ಲಿ ಎಡವಟ್ಟಾಗುವುದು ಕಡಿಮೆ. ಸಿಕ್ಕಿಬೀಳುವುದು ಮಕ್ಕಳದು. ಅವರಿಗೆ ಕೊಡುವುದು 5 ವರ್ಷದ ಪಾಸ್‌ಪೋರ್ಟು. ಅಪ್ಪ ಅಮ್ಮನ ಜತೆ ಒಂದೇ ದಿನ ಮಾಡಿಸಿದ್ದು, ಹಾಗಾಗಿ ಎಲ್ಲರದೂ ಒಟ್ಟಿಗೇ ಮುಗಿಯುತ್ತದೆ ಎಂದು ಮನೆಯವರು ತಿಳಿದುಕೊಂಡಿರುತ್ತಾರೆ. ನಮ್ಮ ಗುಂಪಿನಲ್ಲೂ ಒಂದು ಮಗುವಿನ ಪುಸ್ತಕದಲ್ಲಿ ಉಳಿದದ್ದು ನಾಲ್ಕೇ ತಿಂಗಳು. ಎರಡು ತಿಂಗಳು ಮೊದಲೇ ನೋಡಿದ್ದರಿಂದ ಹೊಸದು ಕೈಸೇರಿತು. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಮರುವಿತರಣೆಗೆ ಅರ್ಜಿ ಹಾಕಬಹುದು. ದೊಡ್ಡವರಿಗೆ 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಒಂದು ಎಚ್ಚರಿಕೆ: ಹಳೆಯ ಪಾಸ್‌ಪೋರ್ಟಿನ ನಂಬರಿನಲ್ಲಿ ಟಿಕೆಟ್ ತೆಗೆದಿದ್ದರೆ ಹೊಸ ನಂಬರನ್ನು ವಿಮಾನ ಕಂಪನಿಯ ಬುಕಿಂಗಿನಲ್ಲಿ ತಿದ್ದಿಸಲೇಬೇಕು.

ಅವಧಿಯ ನಂತರ ಪುಸ್ತಕದ ಮೈಕಟ್ಟು ನೋಡಿ. ಮುಂಬಯಿ ಮಳೆಯಲ್ಲಿ ಕಪಾಟಿನ ತಳದಲ್ಲಿಟ್ಟ ಪಾಸ್‌ಪೋರ್ಟಿಗೆ ತೇವ ಹಿಡಿದು, ಫೋಟೋ ಇರುವ ಪುಟದ ಅಂಚಿನ ಪ್ಲಾಸ್ಟಿಕ್ ಪದರ ಉಗುರಿನಷ್ಟು ಎದ್ದಿರುತ್ತದೆ. ಮನೆಯಲ್ಲಿ ನೋಡಿದರೆ ಅದು ಏನೂ ಅಲ್ಲ. ಕೌಂಟರಿನಲ್ಲಿ ಅದೇ "ತಿದ್ದಿರಬಹುದೇ" ಎಂಬ ಸಂಶಯಕ್ಕೆ ದಾರಿ. ಫೆವಿಕ್ವಿಕ್ ಹಾಕಿ ಅಂಟಿಸಲು ಹೋಗಬೇಡಿ, ಅದು ಇನ್ನೂ ಕೆಟ್ಟದು. ಹಾಳಾದ ಪಾಸ್‌ಪೋರ್ಟು ಎಂದೇ ಮರುವಿತರಣೆಗೆ ಹಾಕಿ.

ಇನ್ನು ಹೆಸರು. ಕನ್ನಡದವರಿಗೆ ಇದರದ್ದು ದೊಡ್ಡ ಕಥೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದವರ ಕಾಗದದಲ್ಲಿ ಇಲ್ಲಿನ ರೂಢಿಯಂತೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಊರಿನಲ್ಲಿ ಪಾಸ್‌ಪೋರ್ಟು ಮಾಡಿಸಿದವರಿಗೆ ಅಡ್ಡಹೆಸರಿನ ಜಾಗವೇ ಖಾಲಿ ಇರಬಹುದು. ಪೂಜಾರಿ, ಶೆಟ್ಟಿ ಎಂಬುದರ ಇಂಗ್ಲಿಷ್ ಕೊನೆಯಕ್ಷರ ಒಬ್ಬರಿಗೆ ವೈ, ಅವರ ಸ್ವಂತ ತಮ್ಮನಿಗೆ ಐ. ಟಿಕೆಟ್ ತೆಗೆಯುವವರು ಬಾಯಲ್ಲಿ ಕೇಳಿದ ಹಾಗೆ ಟೈಪ್ ಮಾಡಿಬಿಡುತ್ತಾರೆ. ನಿಯಮ ಒಂದೇ: ಟಿಕೆಟಿನಲ್ಲಿ, ಮುಂದೆ ತುಂಬುವ ಆಗಮನ ಕಾರ್ಡಿನಲ್ಲಿ, ಹೋಟೆಲ್ ಬುಕಿಂಗಿನಲ್ಲಿ ಪಾಸ್‌ಪೋರ್ಟಿನಲ್ಲಿ ಅಚ್ಚಾದ ಅಕ್ಷರಗಳೇ ಬರಬೇಕು. ಆಧಾರ್ ನೋಡಿ ತುಂಬಬೇಡಿ. ಅಡ್ಡಹೆಸರೇ ಇಲ್ಲದವರ ಟಿಕೆಟಿನಲ್ಲಿ ಏನು ಹಾಕಬೇಕೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಅದೇ ಹೆಸರನ್ನು ಎರಡು ಸಲ ಹಾಕಿಸುತ್ತಾರೆ. ದುಡ್ಡು ಕಟ್ಟುವ ಮೊದಲು ಆ ಕಂಪನಿಯನ್ನೇ ಕೇಳಿ.

ಇಷ್ಟಾದ ಮೇಲೆ ಪುಸ್ತಕದಲ್ಲಿ "ಎಮಿಗ್ರೇಷನ್ ಚೆಕ್ ರಿಕ್ವೈರ್ಡ್" ಎಂಬ ಅಚ್ಚು ಇದೆಯೇ ಎಂದು ಹುಡುಕಬೇಕು. ಇದ್ದರೆ ಅದು ಇಸಿಆರ್ ಪಾಸ್‌ಪೋರ್ಟು. ವೀಸಾರಹಿತ ಪ್ರಯಾಣದ ಬಗ್ಗೆ ಬರೆಯುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ, ನಮ್ಮ ಜನಕ್ಕೆ ಹೆಚ್ಚು ತಟ್ಟುವುದು ಇದೇ. ಹತ್ತನೇ ತರಗತಿ ಪಾಸಾದ ದಾಖಲೆ ಕೊಡದವರಿಗೆ ಸಾಮಾನ್ಯವಾಗಿ ಇಸಿಆರ್ ಬರುತ್ತದೆ. ಭಾರತ ಸರ್ಕಾರ 18 ದೇಶಗಳ ಪಟ್ಟಿ ಇಟ್ಟುಕೊಂಡಿದೆ. ಆ ದೇಶಗಳಿಗೆ ಇಸಿಆರ್ ಪಾಸ್‌ಪೋರ್ಟಿನವರು ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಸೌದಿ, ಕುವೈತ್, ಕತಾರ್‌ಗಳ ಜತೆಗೆ ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾಗಳೂ ಆ ಪಟ್ಟಿಯಲ್ಲಿವೆ. ನಾವು ಪ್ರವಾಸಕ್ಕೆ ಹೋಗುವ ಊರುಗಳೇ!

ಪ್ರವಾಸಕ್ಕಾದರೆ ಆ ಅನುಮತಿ ಬೇಡ. ಆದರೆ "ಪ್ರವಾಸಕ್ಕೇ ಹೋಗುತ್ತಿದ್ದೇನೆ" ಎಂದು ತೋರಿಸಿಕೊಡುವ ಹೊರೆ ಪ್ರಯಾಣಿಕನ ಮೇಲಿರುತ್ತದೆ, ಹಿಂತಿರುಗುವ ಟಿಕೆಟ್ ಇಲ್ಲದೆ ಬಿಡುವುದಿಲ್ಲ. 50 ವರ್ಷ ದಾಟಿದವರು, ಹತ್ತನೇ ಪಾಸಾದವರು, ಆದಾಯ ತೆರಿಗೆ ಕಟ್ಟುವವರು ಇಸಿಆರ್ ತೆಗೆಸಿಕೊಳ್ಳಲು ಅರ್ಹರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್‌ಎಸ್‌ಸಿ ಪಾಸಾದ ಎಷ್ಟೋ ಹಿರಿಯರು ಮುಂಬಯಿಯಲ್ಲಿದ್ದಾರೆ. ಆ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿ ಮಡಚಿ ಕೂತಿರುತ್ತದೆ, ಪಾಸ್‌ಪೋರ್ಟು ಮಾತ್ರ ಇಸಿಆರ್. ಅದನ್ನು ಹೊರತೆಗೆಯಿರಿ. ಮರುವಿತರಣೆಯ ಅರ್ಜಿಯಲ್ಲಿ ಇಸಿಆರ್ ತೆಗೆಯುವುದನ್ನು ಕಾರಣವಾಗಿ ಆರಿಸಿ, ಮೂಲಪ್ರತಿ ಹಿಡಿದು ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ. ಮುಂಬಯಿಯವರಿಗೆ ಮಲಾಡ್, ಲೋವರ್ ಪರೇಲ್, ಠಾಣೆಯಲ್ಲಿ ಕೇಂದ್ರಗಳಿವೆ, ಪುಣೆಯವರಿಗೆ ಮುಂಢವಾದಲ್ಲಿ. ಹೊಸ ಪುಸ್ತಕದಲ್ಲಿ ಆ ಅಚ್ಚು ಇರುವುದಿಲ್ಲ.

ಟಿಕೆಟ್ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ಹೋಗಿ ಬರುವ ಎರಡೂ ಟಿಕೆಟ್ ಇರಬೇಕು, ವಾಪಸಿನ ದಿನಾಂಕ 30 ದಿನದ ಒಳಗೆ ಇರಬೇಕು. ನೂರಿನ್ನೂರು ರೂಪಾಯಿಗೆ "ಡಮ್ಮಿ ಟಿಕೆಟ್" ಮಾಡಿಕೊಡುವವರಿದ್ದಾರೆ. ಅದು ದುಡ್ಡು ಕಟ್ಟದ ಬುಕಿಂಗು, ಒಂದೆರಡು ದಿನದಲ್ಲಿ ತಾನಾಗಿ ಬಿದ್ದುಹೋಗುತ್ತದೆ. ಕೌಂಟರಿನವರು ಪಿಎನ್‌ಆರ್ ಹಾಕಿ ನೋಡಿದರೆ ಖಾಲಿ ಬರುತ್ತದೆ. ಅಲ್ಲಿಂದ ಮುಂದೆ ನೀವು ಹೇಳಿದ ಯಾವ ಮಾತನ್ನೂ ಅವರು ನಂಬುವುದಿಲ್ಲ.

ಈಗ ಎಂಡಿಎಸಿ, ಅಂದರೆ ಮಲೇಷ್ಯಾ ಡಿಜಿಟಲ್ ಆಗಮನ ಕಾರ್ಡು. 2024ರ ಜನವರಿ 1ರಿಂದ ಕಡ್ಡಾಯ. ಇದು ವೀಸಾ ಅಲ್ಲ, ಅನುಮತಿಯೂ ಅಲ್ಲ; ನಾನು ಇಂಥ ದಿನ ಬರುತ್ತೇನೆ, ಇಂಥಲ್ಲಿ ಇಳಿಯುತ್ತೇನೆ ಎಂದು ಮೊದಲೇ ಬರೆದುಕೊಡುವ ಕಾರ್ಡು. ಮಲೇಷ್ಯಾ ವಲಸೆ ಇಲಾಖೆಯ ತಾಣದಲ್ಲಿ ತುಂಬಬೇಕು, ಬಿಟ್ಟಿ. ತಾಣದ ವಿಳಾಸದ ಕೊನೆಗೆ ಡಾಟ್ ಜಿಓವಿ ಡಾಟ್ ಎಂವೈ ಇದೆಯೇ ನೋಡಿ. ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೆಲವು ತಾಣಗಳು ಅದೇ ಬಣ್ಣ, ಅದೇ ಬಾವುಟ ಹಾಕಿಕೊಂಡು ಡಾಲರಿನಲ್ಲಿ ಶುಲ್ಕ ಕೇಳುತ್ತವೆ. ಕಾರ್ಡ್ ನಂಬರ್ ಕೇಳಿದ ಕೂಡಲೇ ಆ ಪುಟ ಮುಚ್ಚಿ.

ಇಳಿಯುವ ದಿನಕ್ಕೆ ಮೊದಲಿನ ಮೂರು ದಿನದೊಳಗೆ ಇದನ್ನು ತುಂಬಬೇಕು. ಹತ್ತು ದಿನ ಮೊದಲೇ ಮುಗಿಸಿಬಿಡೋಣ ಅಂದರೆ ಆಗದು. ಇಲ್ಲಿ ಮುಂಬಯಿಯವರು ಮಾಡುವ ತಪ್ಪು ದಿನಾಂಕದ್ದು. ಕ್ವಾಲಾಲಂಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಹಾರಾಟ ಸುಮಾರು ಐದು ತಾಸು. ರಾತ್ರಿ 11ಕ್ಕೆ ಇಲ್ಲಿ ಹತ್ತಿದವರು ಅಲ್ಲಿ ಇಳಿಯುವಾಗ ಮರುದಿನ ಬೆಳಗ್ಗೆ ಆರೂವರೆ ಆಗಿರುತ್ತದೆ. ಹಾಗಾಗಿ ಆಗಮನದ ದಿನಾಂಕವೆಂದರೆ ಟಿಕೆಟಿನಲ್ಲಿ ದಪ್ಪಕ್ಷರದಲ್ಲಿರುವ ಹೊರಡುವ ದಿನವಲ್ಲ, ಅದರ ಮರುದಿನ. ನಮ್ಮ ಗುಂಪಿನಲ್ಲಿ ತಾವೇ ತುಂಬಿದ ಮೂವರಲ್ಲಿ ಇಬ್ಬರು ಹೊರಡುವ ದಿನವನ್ನೇ ಹಾಕಿದ್ದರು. ಹೊಸದಾಗಿ ತುಂಬಿಸಬೇಕಾಯಿತು.

ಪರದೆಯ ಮೇಲೆ ಏನೇನು ಕೇಳುತ್ತದೆ ಎಂದು ಮೊದಲೇ ಗೊತ್ತಿದ್ದರೆ ಒಬ್ಬರದು ಐದು ನಿಮಿಷದ ಕೆಲಸ. ಹೆಸರಿಗೆ ಒಂದೇ ಖಾನೆ. ಹೆಸರು, ಅಡ್ಡಹೆಸರು ಪೂರ್ತಿ ಅದರಲ್ಲೇ. ಪಾಸ್‌ಪೋರ್ಟ್ ನಂಬರ್: ನಮ್ಮದರಲ್ಲಿ ಮೊದಲು ಅಕ್ಷರ, ಆಮೇಲೆಲ್ಲ ಅಂಕಿ. ಹಾಗಾಗಿ ಅಂಕಿಗಳ ನಡುವೆ "ಓ" ಅಕ್ಷರ ಬರಲು ಸಾಧ್ಯವಿಲ್ಲ, ಅದು ಸೊನ್ನೆಯೇ. ಹುಟ್ಟಿದ ದಿನ, ಪಾಸ್‌ಪೋರ್ಟ್ ಮುಗಿಯುವ ದಿನ, ಇಮೇಲ್ ಎರಡು ಸಲ, ಮೊಬೈಲ್. ಅದಾದ ಮೇಲೆ ಬರುವ ದಿನ, ಹೋಗುವ ದಿನ, ವಿಮಾನದ ನಂಬರ್, ಮಲೇಷ್ಯಾಕ್ಕೆ ಮುಂಚೆ ಕೊನೆಯದಾಗಿ ಹತ್ತಿದ ದೇಶ. ಬೇರೆ ದೇಶದಲ್ಲಿ ವಿಮಾನ ಬದಲಿಸಿ ಹೋಗುವವರು ಇಲ್ಲಿ ಭಾರತ ಎಂದು ಹಾಕಬಾರದು, ಕೊನೆಯ ವಿಮಾನ ಹತ್ತಿದ ದೇಶವನ್ನು ಹಾಕಬೇಕು.

ತಡವರಿಸುವುದು ವಿಳಾಸದ ಹತ್ತಿರ. ರಾಜ್ಯಗಳ ಪಟ್ಟಿಯಲ್ಲಿ "ಕ್ವಾಲಾಲಂಪುರ" ಎಂದು ನೇರ ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ. ಅದು ಕೇಂದ್ರಾಡಳಿತ ಪ್ರದೇಶ. ಮಲಯ ಭಾಷೆಯಲ್ಲಿ "ವಿಲಾಯಾ ಪರ್ಸೆಕುತುವಾನ್", ಚುಟುಕಾಗಿ "ಡಬ್ಲ್ಯೂಪಿ" ಎಂದು ಮುಂದೆ ಹಾಕಿ ಪಟ್ಟಿಯ ಕೊನೆಗೆ ಇಟ್ಟಿರುತ್ತಾರೆ. ಸಿಗಲಿಲ್ಲವೆಂದು ಸೆಲಂಗೋರ್ ಆರಿಸಿದರೆ ಮುಂದಿನ ಖಾನೆಯಲ್ಲಿ ಊರೇ ಬೇರೆ ಬರುತ್ತದೆ. ಪಿನ್‌ಕೋಡು ಅಲ್ಲಿ ಐದಂಕಿ, ನಮ್ಮ ಹಾಗೆ ಆರಲ್ಲ. ನಮ್ಮವರು ಹೆಚ್ಚಾಗಿ ಇಳಿದುಕೊಳ್ಳುವ ಬ್ರಿಕ್‌ಫೀಲ್ಡ್ಸ್‌ಗೆ 50470. ಎರಡು ಮೂರು ಊರು ಸುತ್ತುವವರು ಮೊದಲ ರಾತ್ರಿಯ ಹೋಟೆಲಿನ ವಿಳಾಸ ಹಾಕಿದರೆ ಸಾಕು. ನೆಂಟರ ಮನೆಯಲ್ಲಿ ಉಳಿಯುವವರು ಅವರ ಪೂರ್ತಿ ವಿಳಾಸ, ಫೋನ್ ನಂಬರು, ಸಾಧ್ಯವಾದರೆ ಅವರಿಂದ ಒಂದು ಪತ್ರ ಇಟ್ಟುಕೊಳ್ಳಲಿ.

ಮಗುವಿರಲಿ, ಎಂಬತ್ತರ ಅಜ್ಜಿಯಿರಲಿ, ತಲೆಗೊಂದು ಕಾರ್ಡು. ದೃಢೀಕರಣ ಇಮೇಲಿಗೆ ಬರುತ್ತದೆ, ಸ್ಪಾಮ್ ಪೆಟ್ಟಿಗೆಯನ್ನೂ ನೋಡಿ. ಅದನ್ನು ಮುದ್ರಿಸಿ ಇಟ್ಟುಕೊಳ್ಳುವುದು ಹಳೆಯ ಕಾಲದ ಅಭ್ಯಾಸ ಎನ್ನಬೇಡಿ. ಇಳಿದ ಕೂಡಲೇ ಫೋನಿಗೆ ನೆಟ್‌ವರ್ಕ್ ಬರದವರು ಸಾಲಿನಲ್ಲಿ ನಿಂತು ಒದ್ದಾಡುವುದು ಕಣ್ಣಾರೆ ಕಂಡದ್ದು.

ದುಡ್ಡಿನ ಲೆಕ್ಕ. ಖರ್ಚಿಗೆ ಸಾಕಷ್ಟಿದೆ ಎಂದು ತೋರಿಸಲು ಮಲೇಷ್ಯಾದ ಸ್ವಲ್ಪ ರಿಂಗಿಟ್ ನಗದು, ಒಂದು ಅಂತಾರಾಷ್ಟ್ರೀಯ ಕಾರ್ಡು, ಬ್ಯಾಂಕಿನ ಮೂರು ತಿಂಗಳ ಸ್ಟೇಟ್‌ಮೆಂಟು ಇದ್ದರೆ ಯಾರೂ ತಕರಾರು ತೆಗೆಯುವುದಿಲ್ಲ. ಒಂದು ಪ್ರಯಾಣಕ್ಕೆ ವಿದೇಶಿ ನೋಟು 3,000 ಡಾಲರ್ ಮೌಲ್ಯದವರೆಗೆ ಒಯ್ಯಬಹುದು, ನಮ್ಮ ರೂಪಾಯಿ 25,000ದವರೆಗೆ. ನೋಟು ಬದಲಿಸುವ ಕಡೆ ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಕೇಳುತ್ತಾರೆ. 50,000 ರೂಪಾಯಿ ಮುಟ್ಟಿದರೆ ನಗದು ತೆಗೆದುಕೊಳ್ಳುವುದಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು. ರಸೀದಿ ಕೇಳಿ ಪಡೆಯಿರಿ.

ಪ್ರಯಾಣದ ದಿನ ಮೂರು ತಾಸು ಮೊದಲು ಟರ್ಮಿನಲ್ 2ರಲ್ಲಿರಬೇಕು. ಪುಣೆಯಿಂದ ರಸ್ತೆಯಲ್ಲಿ ಬರುವವರು ಘಾಟಿಯ ಟ್ರಾಫಿಕ್ಕಿಗೆಂದು ಇನ್ನೆರಡು ತಾಸು ಸೇರಿಸಿಕೊಳ್ಳಲಿ. ಮೊದಲ ಕೌಂಟರು ವಿಮಾನ ಕಂಪನಿಯದು. ಅಲ್ಲಿ ಕೂತವರು ಇಷ್ಟು ಬಿಗಿಯಾಗಿ ಯಾಕೆ ನೋಡುತ್ತಾರೆ ಎಂದರೆ, ಪ್ರವೇಶ ಸಿಗದ ಪ್ರಯಾಣಿಕನನ್ನು ವಾಪಸ್ ತರುವ ಹೊಣೆ ಆ ಕಂಪನಿಯ ತಲೆಗೇ ಬರುತ್ತದೆ. ಟಿಮ್ಯಾಟಿಕ್ ಎಂಬ ದತ್ತಾಂಶದಲ್ಲಿ ಯಾವ ದೇಶಕ್ಕೆ ಯಾವ ಕಾಗದ ಎಂದು ಬರೆದಿರುತ್ತದೆ. ಅದರಲ್ಲಿ ಇದ್ದದ್ದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಬೋರ್ಡಿಂಗ್ ಪಾಸ್ ಸಿಗದು. ಅವರು ನೋಡುವುದು ಆರು ತಿಂಗಳ ಅವಧಿ, ವಾಪಸ್ ಟಿಕೆಟ್, ಎಂಡಿಎಸಿ, ಹೆಸರಿನ ಅಕ್ಷರ. ಜಗಳ ಆಡಿ ಪ್ರಯೋಜನವಿಲ್ಲ.

ಎರಡನೆಯದು ನಮ್ಮದೇ ಇಮಿಗ್ರೇಷನ್. ಭಾರತೀಯರಿಗೆ ನಿರ್ಗಮನ ಕಾರ್ಡು ತುಂಬುವ ಕೆಲಸ 2017ರ ಜುಲೈ 1ರಿಂದಲೇ ತಪ್ಪಿದೆ. ಪಾಸ್‌ಪೋರ್ಟು, ಬೋರ್ಡಿಂಗ್ ಪಾಸ್ ಕೊಟ್ಟರೆ ಸಾಕು. ಹೆಚ್ಚಿನವರಿಗೆ ಒಂದು ನಿಮಿಷ. ಇಸಿಆರ್ ಇದ್ದವರಿಗೆ, ಮೊದಲ ಸಲ ಹೊರಟ ಹುಡುಗರಿಗೆ ಪ್ರಶ್ನೆ ಬರುತ್ತವೆ. ನಮ್ಮ ಜತೆಗಿದ್ದ ಇಪ್ಪತ್ತಾರರ ಒಬ್ಬ ಹುಡುಗನಿಗೆ ನಡೆದದ್ದು ಹೀಗೆ:

"ಕಹಾಂ ಜಾ ರಹೇ ಹೋ?"

"ಮಲೇಷ್ಯಾ, ಸಾಬ್. ಘೂಮ್ನೇ."

"ಕಾಮ್ ಕ್ಯಾ ಕರ್ತೇ ಹೋ? ಛುಟ್ಟಿ ಕಿಸ್‌ನೇ ದೀ?"

ಅವನು ಹೋಟೆಲ್ ಮಾಲೀಕರು ಕೊಟ್ಟ ರಜೆಯ ಪತ್ರ ತೆಗೆದ. ಆರು ದಿನದ ರಜೆ, ಕೆಲಸಕ್ಕೆ ಮರಳುವ ದಿನಾಂಕ, ಸಹಿ, ಸೀಲು. ಜತೆಗೆ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಸಂಬಳ ಜಮೆಯಾಗುವ ಖಾತೆಯ ಸ್ಟೇಟ್‌ಮೆಂಟು. ಸಾಹೇಬರು ರಜೆಯ ಪತ್ರದ ಮರಳುವ ದಿನಾಂಕವನ್ನು ಟಿಕೆಟಿನ ದಿನಾಂಕದ ಪಕ್ಕ ಇಟ್ಟು ನೋಡಿದರು, ಸೀಲು ಹೊಡೆದರು. ಆ ಒಂದು ಪತ್ರ ಇಲ್ಲದಿದ್ದರೆ ಪ್ರಶ್ನೆಗಳು ಮುಂದುವರಿಯುತ್ತಿದ್ದವು. ಹೋಟೆಲಿನಲ್ಲಿ, ಅಂಗಡಿಯಲ್ಲಿ ಕೆಲಸ ಮಾಡುವ ತಮ್ಮಂದಿರು ಲೆಟರ್‌ಹೆಡ್ಡಿನಲ್ಲಿ ರಜೆಯ ಪತ್ರ ಬರೆಸಿಕೊಳ್ಳದೆ ಹೊರಡಬೇಡಿ.

ಈ ಪ್ರಶ್ನೆಗಳನ್ನು ಅವಮಾನ ಎಂದುಕೊಳ್ಳಬೇಡಿ. ವೀಸಾ ಬೇಡ ಎಂಬ ಸವಲತ್ತನ್ನೇ ಹಿಡಿದುಕೊಂಡು ಕೆಲವು ಏಜೆಂಟರು "ಮೊದಲು ಟೂರಿಸ್ಟ್ ಆಗಿ ಇಳಿ, ಕೆಲಸದ ಪರ್ಮಿಟ್ ಆಮೇಲೆ ಮಾಡಿಸ್ತೇವೆ" ಎಂದು ಹುಡುಗರನ್ನು ಕಳಿಸುತ್ತಾರೆ. ಥಾಯ್ಲೆಂಡಿಗೆಂದು ಹೊರಟ ನಮ್ಮ ದೇಶದ ಎಷ್ಟೋ ಯುವಕರನ್ನು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಅಡ್ಡೆಗಳಿಗೆ ಸಾಗಿಸಿದ್ದಾರೆ. ವಿದೇಶಾಂಗ ಸಚಿವಾಲಯ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ವೀಸಾರಹಿತ ಪ್ರವೇಶದ ಮೇಲೆ ಮಲೇಷ್ಯಾದಲ್ಲಿ ಒಂದು ದಿನ ಕೂಡ ಕೆಲಸ ಮಾಡುವಂತಿಲ್ಲ. ಹಾಗೆ ಹೇಳುವ ಏಜೆಂಟ್ ಸ್ವಂತ ಊರಿನವನೇ ಆಗಲಿ, ನೆಂಟನೇ ಆಗಲಿ, ಅವನಿಗೆ ಪಾಸ್‌ಪೋರ್ಟು ಕೊಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮೂರನೆಯ ಕೌಂಟರು ಸೆಪಾಂಗ್‌ನಲ್ಲಿರುವ ಕ್ವಾಲಾಲಂಪುರ ವಿಮಾನ ನಿಲ್ದಾಣದಲ್ಲಿ. ಎರಡೂ ಕೈಯ ತೋರುಬೆರಳನ್ನು ಯಂತ್ರದ ಗಾಜಿನ ಮೇಲೆ ಇಡಿಸುತ್ತಾರೆ. ವರ್ಷಗಟ್ಟಲೆ ಅಡುಗೆಮನೆಯಲ್ಲಿ ಬಿಸಿ, ಸೋಪುನೀರಿನಲ್ಲಿ ದುಡಿದವರ ಬೆರಳಿನ ಗೆರೆ ಸವೆದಿರುತ್ತವೆ, ಯಂತ್ರ ಹಿಡಿಯುವುದಿಲ್ಲ. ಗಾಬರಿ ಬೇಡ. ಬೆರಳನ್ನು ಒರೆಸಿ, ಹಣೆಗೋ ಕೆನ್ನೆಗೋ ಒಮ್ಮೆ ತಾಗಿಸಿದರೆ ಬರುವ ಜಿಡ್ಡಿನಲ್ಲಿ ಗೆರೆ ಮೂಡುತ್ತದೆ. ನಮ್ಮಲ್ಲಿ ಒಬ್ಬ ಭಟ್ಟರಿಗೆ ನಾಲ್ಕನೆಯ ಸಲಕ್ಕೆ ಹಸಿರು ದೀಪ ಬಂತು. ಪ್ರಶ್ನೆ ಎರಡೋ ಮೂರೋ: ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ವಾಪಸ್ ಯಾವಾಗ. ಗುಂಪಿನ ಎಲ್ಲರಿಗೂ ಹೋಟೆಲಿನ ಹೆಸರು ಬಾಯಲ್ಲಿರಬೇಕು. "ಅಣ್ಣನಿಗೆ ಗೊತ್ತು, ಹಿಂದೆ ಬರ್ತಿದ್ದಾರೆ" ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಸಂಶಯ ಬಂದರೆ ಪಕ್ಕದ ಕಚೇರಿಗೆ ಕರೆದೊಯ್ಯುತ್ತಾರೆ. ಅಲ್ಲಿಯೂ ಸಮಾಧಾನವಾಗದಿದ್ದರೆ "ನಾಟ್ ಟು ಲ್ಯಾಂಡ್" ಎಂದು ಬರೆದು, ಬಂದ ಕಂಪನಿಯ ವಿಮಾನದಲ್ಲೇ ವಾಪಸ್ ಕಳಿಸುತ್ತಾರೆ. ಹೋಟೆಲ್ ಬುಕಿಂಗ್ ರದ್ದಾಗಿರುವುದು, ಕೈಯಲ್ಲಿ ದುಡ್ಡಿಲ್ಲದಿರುವುದು, ಪ್ರವಾಸ ಎಂದು ಹೇಳಿ ಬ್ಯಾಗಿನಲ್ಲಿ ಬಯೋಡೇಟಾ, ಮಾರ್ಕ್ಸ್‌ಕಾರ್ಡ್ ಇಟ್ಟುಕೊಂಡಿರುವುದು ಇದಕ್ಕೆ ಕಾರಣವಾಗುತ್ತವೆ. ಪೇಚಿಗೆ ಸಿಕ್ಕಿಸುವ ಕಾಗದ ಮನೆಯಲ್ಲೇ ಇರಲಿ.

ಸೀಲು ಬಿದ್ದ ಕೂಡಲೇ ಕೌಂಟರಿನಿಂದ ಎರಡು ಹೆಜ್ಜೆ ಸರಿದು ಅದರಲ್ಲಿನ ದಿನಾಂಕ ಓದಿ. ಇಳಿದ ದಿನವನ್ನೇ ಒಂದನೆಯ ದಿನ ಎಂದು ಲೆಕ್ಕ ಹಿಡಿದರೆ ತಪ್ಪಾಗುವ ಭಯವಿಲ್ಲ. 30 ದಿನ ಮೀರಿ ನಿಂತರೆ ದಂಡ, ಬಂಧನ, ಮುಂದೆ ಪ್ರವೇಶಕ್ಕೆ ತಡೆ, ಮೂರೂ ಆಗಬಹುದು.

ಅಲ್ಲಿಂದ ಬಸ್ಸಿನಲ್ಲಿ ಸಿಂಗಾಪುರಕ್ಕೆ ಹೋಗಿಬರೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕೇ ಬೇಕು. ಅಲ್ಲಿನ ಆಗಮನ ಕಾರ್ಡು ತುಂಬಿದರೆ ವೀಸಾ ಸಿಕ್ಕಂತಲ್ಲ. ವೀಸಾ ಇದ್ದು ಹೋಗಿಬಂದರೂ ಮಲೇಷ್ಯಾಕ್ಕೆ ಮರಳುವಾಗ ಹೊಸ ಎಂಡಿಎಸಿ ಬೇಕು, ಹಳೆಯದು ಒಂದು ಪ್ರವೇಶಕ್ಕಷ್ಟೇ. ಮಲೇಷ್ಯಾದವೇ ರಾಜ್ಯಗಳಾದ ಸಬಾ, ಸರವಾಕ್‌ಗಳಿಗೆ ದೇಶದೊಳಗಿನ ವಿಮಾನದಲ್ಲಿ ಹೋದರೂ ಅಲ್ಲಿ ಪ್ರತ್ಯೇಕ ಇಮಿಗ್ರೇಷನ್ ಇದೆ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋಗುವ ಹಾಗಿಲ್ಲ.

ಬೇರೆ ದೇಶಗಳ ಲೆಕ್ಕ ಬೇರೆ. ಥಾಯ್ಲೆಂಡಿನವರೂ 2025ರ ಮೇ 1ರಿಂದ ಇಂಥದೇ ಡಿಜಿಟಲ್ ಕಾರ್ಡು ತಂದಿದ್ದಾರೆ, ಅದಕ್ಕೂ ಮೂರು ದಿನದ ಲೆಕ್ಕವೇ. ಇಂಡೋನೇಷ್ಯಾದ್ದು ಇಳಿದ ಮೇಲೆ ಕೊಡುವ ವೀಸಾ, 5 ಲಕ್ಷ ರೂಪಿಯಾ ಕಟ್ಟಬೇಕು. ಅದನ್ನು ವೀಸಾರಹಿತ ಎನ್ನುವುದು ತಪ್ಪು. ನೇಪಾಳಕ್ಕೆ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಒಯ್ಯಬೇಕು. ಆಧಾರ್ ಒಂದನ್ನೇ ಹಿಡಿದು ಬಂದ ನಡುವಯಸ್ಸಿನವರನ್ನು ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ಭೂತಾನ್‌ಗೆ ವೀಸಾ ಇಲ್ಲ, ಆದರೆ ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕವಿದೆ.

ಕೊನೆಗೆ ಚೀಲದ ವಿಷಯ. ಊರಿನವರಿಗೆಂದು ಒಣಕೊಬ್ಬರಿ ಕಟ್ಟಿಕೊಂಡು ಹೋಗಬೇಡಿ. ಅದರ ಎಣ್ಣೆಯಂಶ ಬೆಂಕಿ ಹಿಡಿಯುತ್ತದೆಂದು ವಿಮಾನದಲ್ಲಿ ನಿಷೇಧ, ಕೌಂಟರಿನಲ್ಲಿ ಸೂಟ್‌ಕೇಸ್ ಬಿಚ್ಚಿಸುತ್ತಾರೆ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ದಿನದ ಮಾತ್ರೆಗಳು ಹೆಸರು ಅಚ್ಚಾದ ಸ್ಟ್ರಿಪ್ಪಿನಲ್ಲೇ ಇರಲಿ, ಡಾಕ್ಟರ ಚೀಟಿ ಜತೆಗಿರಲಿ. ಕಾಗದಗಳನ್ನು ತಲೆಗೊಂದರಂತೆ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿ ಅವರವರ ಕೈಗೇ ಕೊಡಿ. ಎಲ್ಲರದನ್ನೂ ಒಬ್ಬರೇ ಹಿಡಿದುಕೊಂಡರೆ, ಅವರು ಒಂದು ಸಾಲಿನಲ್ಲಿ, ಉಳಿದ ಹತ್ತು ಮಂದಿ ಬೇರೆ ಬೇರೆ ಸಾಲಿನಲ್ಲಿ ಬರಿಗೈಯಲ್ಲಿ ನಿಲ್ಲುತ್ತಾರೆ.